ಹಸುವಿನ ಮೇಲೆ ಕಣ್ಣು, ಕಾಲುವೆಯ ಕಡೆ ಬೆನ್ನು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕೆ.ಆರ್. ಪುರ, ಮಹದೇವಪುರದ ಕಡೆಯ ಕೆರೆಗಳಿಗೆ ಹೋದರೆ ಕೊರಳಿಗೆ ದುರ್ಬೀನು ಹಾಕಿಕೊಂಡ ನಾಲ್ಕಾರು ಮಂದಿ ಏರಿಯ ಮೇಲೆ ಸಿಗುತ್ತಾರೆ. ಸಂಬಳವಿಲ್ಲದ ಕಾವಲುಗಾರರು. ಕಸ ಸುರಿದಲ್ಲಿ, ಬೇಲಿ ಕಿತ್ತಲ್ಲಿ ಫೋಟೊ ತೆಗೆಯುತ್ತಾರೆ. ದನ ಒಳಗೆ ಬಂದಿದ್ದರೆ ಅದನ್ನೂ ತೆಗೆಯುತ್ತಾರೆ. ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ಆ ಚಿತ್ರ ಸ್ವಲ್ಪ ಹೊತ್ತಿಗೆಲ್ಲ ಪಾಲಿಕೆಯ ಎಂಜಿನಿಯರ್ ಕೈ ಸೇರಿರುತ್ತದೆ. ನಾನೂ ಇಂಥ ಗುಂಪಿನ ಜೊತೆ ಓಡಾಡಿದವನು. ಇವರು ಬೆನ್ನು ಹತ್ತದೆ ಹೋಗಿದ್ದರೆ ಈ ಭಾಗದ ಎಷ್ಟೋ ಕೆರೆಯಂಗಳಗಳು ಇಷ್ಟು ಹೊತ್ತಿಗೆ ಸೈಟುಗಳಾಗಿರುತ್ತಿದ್ದವು. ಆ ಋಣ ಒಪ್ಪಿಕೊಂಡೇ ಹೇಳುತ್ತೇನೆ: ದನಗಳ ವಿಷಯದಲ್ಲಿ ನಮ್ಮ ಕಾವಲು ದಾರಿ ತಪ್ಪಿದೆ.

ಮೇಯುವ ದನದಿಂದ ಕೆರೆಗೆ ಕೇಡೇ ಇಲ್ಲ ಎನ್ನಲಾರೆ. ಗೊರಸು ತುಳಿದು ತುಳಿದು ಏರಿಯ ಇಳಿಜಾರಿನ ಮಣ್ಣು ಸಡಿಲವಾಗಿ ಮಳೆಗೆ ಜಾರುತ್ತದೆ. ಹೊಸದಾಗಿ ನೆಟ್ಟ ಆಲ, ಅತ್ತಿಯ ಚಿಗುರು ಒಂದೇ ದಿನದಲ್ಲಿ ಮಾಯ. ಬರಿನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭದ ಸಂಸಾರ ಗೊರಸಿನಡಿ ಮುಗಿದುಹೋಗುತ್ತದೆ. ಆದರೆ ಇವೆಲ್ಲ ನಡೆಯುವುದು ಎಷ್ಟು ದನ, ಯಾವ ತಿಂಗಳು, ಯಾವ ಜಾಗ ಎಂಬುದರ ಮೇಲೆ. ನಮ್ಮ ಫೋಟೊದಲ್ಲಿ ಇದಾವುದೂ ಇರುವುದಿಲ್ಲ. ದನ ಇದೆ ಎಂಬುದೇ ದೂರು. ಅಮೆರಿಕದ ಪಶ್ಚಿಮ ಭಾಗದಲ್ಲಿ, ಸರ್ಕಾರಿ ಹುಲ್ಲುಗಾವಲಿನ ತೊರೆಗಳ ದಂಡೆಯಲ್ಲಿ, ಮೇವು ಮುಗಿದ ಮೇಲೆ ಉಳಿದ ಹುಲ್ಲಿನ ಎತ್ತರವನ್ನು ಅಳೆಯುವ ರೂಢಿಯಿದೆ. ಹಲವೆಡೆ ನಾಲ್ಕರಿಂದ ಆರು ಅಂಗುಲ ಉಳಿದಿರಬೇಕೆಂಬ ಲೆಕ್ಕ. ಅಲ್ಲಿ ಅಳತೆಗೋಲು ನೆಲಕ್ಕೆ ತಾಗುತ್ತದೆ. ನಮ್ಮದು ಹಸುವಿನ ಬೆನ್ನಿಗೆ ತಾಗುತ್ತಿದೆ.

ಬೇಲಿ ಹಾಕಿ ದನ ಹೊರಗಿಟ್ಟರೆ ಹಕ್ಕಿಗೆ ಒಳ್ಳೆಯದು ಎಂಬ ನಂಬಿಕೆಗೆ ನಮ್ಮ ದೇಶದಲ್ಲೇ ದೊಡ್ಡ ಪೆಟ್ಟು ಬಿದ್ದಿದೆ. ಭರತ್‌ಪುರದ ಕೇವಲಾದೇವ ಪಕ್ಷಿಧಾಮ ರಾಷ್ಟ್ರೀಯ ಉದ್ಯಾನವಾದಾಗ, 1982ರಲ್ಲಿ, ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿ ಜೀವಗಳೇ ಹೋದವು. ಆಮೇಲೆ ಆದದ್ದೇನು? ಎಮ್ಮೆ ತಿನ್ನದ ಹುಲ್ಲು ಜೌಗನ್ನೆಲ್ಲ ಆವರಿಸಿ, ನೀರುಹಕ್ಕಿಗಳಿಗೆ ಬೇಕಾದ ತೆರೆದ ನೀರೇ ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಕೊನೆಗೆ ಎಮ್ಮೆಯ ಪರವಾಗಿಯೇ ಮಾತಾಡಿತು.

ಅಷ್ಟು ದೂರ ಹೋಗುವುದೂ ಬೇಡ, ಹಲಸೂರು ಕೆರೆಯ ಬಳಿ ನಿಂತು ನೋಡಿ. ಸುತ್ತ ಬೇಲಿಯಿದೆ, ಪಕ್ಕದಲ್ಲೇ ಸೈನ್ಯದ ನೆಲೆಯಿದೆ. ದನ ಮೇಯಿಸುವ ಕೆರೆಯೇ ಅಲ್ಲ ಅದು. 2016ರ ಮಾರ್ಚಿನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಒಳಚರಂಡಿಯ ನೀರು ನುಗ್ಗಿ, ಪ್ರಾಣವಾಯು ಕುಸಿದ ನೀರಿನಲ್ಲಿ ಮೀನು ಉಸಿರಾಡುವುದು ಹೇಗೆ? ಹಲಸೂರಿನಿಂದ ಹೊರಟ ನೀರು ದೊಮ್ಮಲೂರು, ಚಲ್ಲಘಟ್ಟದ ಕಡೆಯಿಂದ ಬೆಳ್ಳಂದೂರು ಸೇರುತ್ತದೆ, ಅಲ್ಲಿಂದ ವರ್ತೂರು, ಮುಂದೆ ದಕ್ಷಿಣ ಪಿನಾಕಿನಿ. ದಾರಿಯುದ್ದಕ್ಕೂ ಕಾಯಬೇಕಾದದ್ದು ರಾಜಕಾಲುವೆಯ ಬಾಯಿಯನ್ನು. ಅದರ ಫೋಟೊ ತೆಗೆಯಲು ಮೂಗು ಮುಚ್ಚಿಕೊಂಡು ಒಂದು ಕಿಲೋಮೀಟರು ನಡೆಯಬೇಕು. ಹಸು ಮಾತ್ರ ವಾಕಿಂಗ್ ಪಾತ್‌ನ ಪಕ್ಕದಲ್ಲೇ ನಿಂತಿರುತ್ತದೆ.

ಬೆಳ್ಳಂದೂರಿನಲ್ಲಿ ಪ್ರಶ್ನೆ ತಿರುಗುಮುರುಗಾಗುತ್ತದೆ. ಕೊಳಚೆಯಲ್ಲಿ ಬೆಳೆದ ಹುಲ್ಲು ಭಾರಲೋಹಗಳನ್ನು ಹೀರುತ್ತದೆ. ಆ ಹುಲ್ಲನ್ನು ಹೊರೆ ಕಟ್ಟಿ ಕೊಟ್ಟಿಗೆಗೆ ಒಯ್ಯುವವರಿದ್ದಾರೆ, ಅದನ್ನು ತಿಂದ ಹಸುವಿನ ಹಾಲು ನಮ್ಮ ಅಡುಗೆಮನೆಗೇ ಬರುತ್ತದೆ. ಇಲ್ಲಿ ದನದಿಂದ ಕೆರೆಯನ್ನು ಕಾಯುವುದಿರಲಿ, ಕೆರೆಯಿಂದ ದನವನ್ನು ಕಾಯಬೇಕು. ಇನ್ನು ಕೊಯ್ಯದೆ ಬಿಟ್ಟ ಹುಲ್ಲು ಒಣಗಿದರೆ ಏನಾಗುತ್ತದೆಂಬುದನ್ನು 2018ರ ಜನವರಿಯ ಬೆಂಕಿ ತೋರಿಸಿಕೊಟ್ಟಿತು. ಅದನ್ನು ಆರಿಸಲು ಸೈನಿಕರೇ ಬರಬೇಕಾಯಿತು.

ಮೆಚ್ಚಬೇಕಾದ ಮಾದರಿಯೂ ಈ ದಿಕ್ಕಿನಲ್ಲೇ ಇದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಸುಮಾರು 48 ಎಕರೆ. ನಿವಾಸಿಗಳು ಮತ್ತು ಪಾಲಿಕೆ ಸೇರಿ ಅದನ್ನು ಉಳಿಸಿಕೊಂಡಾಗ ಮೇವು ಕೊಯ್ಯುವ ಹಳೆಯ ಊರಿನವರಿಗೂ ಜಾಗ ಬಿಟ್ಟರು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರು ನೊಬೆಲ್ ಪುರಸ್ಕೃತೆ ಎಲಿನೋರ್ ಓಸ್ಟ್ರಮ್ ಜೊತೆ ಬೆಂಗಳೂರಿನ ಏಳು ಕೆರೆಗಳ ಮೇಲೆ ಬರೆದ ಪ್ರಬಂಧ 2014ರಲ್ಲಿ ಪ್ರಕಟವಾಯಿತು. ಕೆರೆಯ ಏಳುಬೀಳನ್ನು ಅದನ್ನು ಬಳಸುವ ಜನರ ಒಗ್ಗಟ್ಟಿನ ಜೊತೆ ಇಟ್ಟು ನೋಡಿದ ಬರಹ ಅದು. ಕೈಕೊಂಡ್ರಹಳ್ಳಿಯಲ್ಲಿ ಆ ನಂಟು ಕಣ್ಣಿಗೇ ಕಾಣುತ್ತದೆ. ಉಳಿದ ಗುಂಪುಗಳು ಅಲ್ಲಿಂದ ಗೇಟು, ಬೆಂಚು, ನಾಮಫಲಕಗಳನ್ನು ಕಲಿತವು. ಹುಲ್ಲಿನ ಪಾಲು ಕೊಡುವುದನ್ನು ಕಲಿಯಲಿಲ್ಲ.

ದನ ಕಾಯುವವರು ಕೆರೆಗೇ ಏಕೆ ಬರುತ್ತಾರೆ? ಗೋಮಾಳ ಹೋಯಿತು, ಗುಂಡುತೋಪು ಹೋಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ನಿಯಮ ಕೆರೆಗೆ 30 ಮೀಟರ್, ದೊಡ್ಡ ರಾಜಕಾಲುವೆಗೆ 50 ಮೀಟರ್ ಮೀಸಲು ಅಂಚು ಬೇಕೆಂದಿತ್ತು. ಕಟ್ಟಡ ಏಳದೆ ಉಳಿದ ಆ ಒಂದು ಪಟ್ಟಿಯೇ ಈಗ ಅವರ ಕೊನೆಯ ಹುಲ್ಲುಗಾವಲು. ದಿನವೂ ಅಲ್ಲೇ ಇರುವವರು ಅವರು. ರಾತ್ರಿ ಟ್ಯಾಂಕರ್ ಬಂದು ಎಲ್ಲಿ ಸುರಿದುಹೋಯಿತು, ಯಾವ ತೂಬು ಕಟ್ಟಿಕೊಂಡಿದೆ ಎಂದು ಭಾನುವಾರ ಮಾತ್ರ ಬರುವ ನಮಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಅಂಥವರನ್ನೇ ನಾವು ಅತಿಕ್ರಮಣಕಾರರ ಪಟ್ಟಿಯಲ್ಲಿ ಬರೆದಿದ್ದೇವೆ. ಇದು ನಮ್ಮ ಕೆಲಸದ ದೊಡ್ಡ ತಪ್ಪು.

ಕೆರೆ ಕಾಯುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಟಿಟ್ಟಿಭ ಮೊಟ್ಟೆಯಿಡುವ ಬೇಸಿಗೆಯ ತಿಂಗಳುಗಳಲ್ಲಿ ಯಾವ ಮೂಲೆ ಬಿಡಬೇಕು, ಮಳೆ ಬಂದಾಗ ಏರಿಯ ಯಾವ ಭಾಗಕ್ಕೆ ದನ ಹತ್ತಬಾರದು ಎಂಬುದನ್ನು ದನ ಕಾಯುವವರ ಜೊತೆ ಕೂತು ತೀರ್ಮಾನಿಸಿ. ಮುಂದಿನ ಭಾನುವಾರ ಹೋದಾಗ ಅವರ ನಂಬರನ್ನೂ ನಿಮ್ಮ ಗುಂಪಿಗೆ ಸೇರಿಸಿಕೊಳ್ಳಿ.