ಓವರ್ ಮುಗಿದ ಮೇಲಿನ ಆಟ

ಓವರ್ ಮುಗಿದ ಕೂಡಲೇ ರಿಮೋಟ್‌ಗೆ ಕೈ ಹಾಕುವವರೇ ಹೆಚ್ಚು. ನಾನು ಹಾಕುವುದಿಲ್ಲ. ಆ ಅರ್ಧ ನಿಮಿಷದಲ್ಲೂ ಒಮ್ಮೊಮ್ಮೆ ಒಳ್ಳೆಯ ಆಟ ಸಿಗುತ್ತದೆ. ಆಟಗಾರನ ಕೈಗೊಂದು ಬಾಟಲಿ ಕೊಟ್ಟು ನಗಿಸುವ ಜಾಹೀರಾತುಗಳು ಮುಂದಿನ ಎಸೆತಕ್ಕೇ ಮರೆತುಹೋಗುತ್ತವೆ. ಉಳಿಯುವುದು ಆಟದ ಒಳಗುಟ್ಟು ಬಲ್ಲವರು ಮಾಡಿದ್ದು.

1994ರ ಕ್ಯಾಡ್ಬರಿ ಡೈರಿ ಮಿಲ್ಕ್ ಜಾಹೀರಾತನ್ನೇ ನೋಡಿ. ಬ್ಯಾಟ್ಸ್‌ಮನ್ 99ರಲ್ಲಿದ್ದಾನೆ. ಹೊಡೆದ ಚೆಂಡು ಆಕಾಶಕ್ಕೇರಿದೆ, ಕೆಳಗೆ ಫೀಲ್ಡರ್ ಕಾಯುತ್ತಿದ್ದಾನೆ. ಪ್ರೇಕ್ಷಕರ ನಡುವೆ ಚಾಕೊಲೇಟ್ ಹಿಡಿದ ಹುಡುಗಿಗೆ ಜೀವವೇ ಬಾಯಿಗೆ ಬಂದಿದೆ. ಚೆಂಡು ಗೆರೆ ದಾಟಿದ್ದೇ ತಡ, ಕಾವಲುಗಾರನಿಂದ ತಪ್ಪಿಸಿಕೊಂಡು ಮೈದಾನಕ್ಕೆ ನುಗ್ಗಿ ಕುಣಿಯುತ್ತಾಳೆ. ಯಾರೂ ಹೇಳಿಕೊಟ್ಟ ಕುಣಿತವಲ್ಲ ಅದು, ಸಂತೋಷ ತಡೆಯಲಾರದೆ ಕೈಕಾಲು ಹೋದತ್ತ ಹೋದದ್ದು. ಅದರ ಹಿಂದಿದ್ದ ಪೀಯೂಷ್ ಪಾಂಡೆ ರಾಜಸ್ಥಾನದ ಪರ ರಣಜಿ ಆಡಿದವರು. 99ರ ತಳಮಳವನ್ನು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. 2021ರಲ್ಲಿ ಅದನ್ನೇ ಮತ್ತೆ ಚಿತ್ರಿಸಿದಾಗ ಕ್ರೀಸಿನಲ್ಲಿದ್ದವಳು ಹುಡುಗಿ, ಕುಣಿದವನು ಹುಡುಗ. ನಮ್ಮ ಹೆಣ್ಣುಮಕ್ಕಳ ಕ್ರಿಕೆಟ್ ಎಲ್ಲಿಗೆ ಬಂದು ಮುಟ್ಟಿದೆ ಎಂಬುದನ್ನು ಭಾಷಣವಿಲ್ಲದೆ ಹೇಳಿದರು.

ಅದೇ ವರ್ಷ ಏಪ್ರಿಲ್‌ನಲ್ಲಿ, ಐಪಿಎಲ್ ಹೊತ್ತಿಗೆ, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್ ಕ್ರೆಡ್‌ನವರು ತಮ್ಮ ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಅವರನ್ನು ಬೆಂಗಳೂರಿನ ಟ್ರಾಫಿಕ್ ಜಾಮಿನಲ್ಲಿ ಕೂರಿಸಿದರು. ದ್ರಾವಿಡ್ ಅರಚುತ್ತಾರೆ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಪುಡಿ ಮಾಡುತ್ತಾರೆ, ಕಾರಿನ ಚಾವಣಿಯಿಂದ ಮೇಲೆದ್ದು ತಾನು ಇಂದಿರಾನಗರದ ಗೂಂಡಾ ಎಂದು ಗುಡುಗುತ್ತಾರೆ. ದೇಶವೇ ನಕ್ಕಿತು. ಬೇರೆ ಯಾರೇ ಅರಚಿದ್ದರೂ ಅದು ದಿನನಿತ್ಯದ ಸಿಗ್ನಲ್ ಜಗಳವಷ್ಟೇ ಆಗುತ್ತಿತ್ತು. ಟೆಸ್ಟ್ ಕ್ರಿಕೆಟ್‌ನಲ್ಲಿ 31,258 ಎಸೆತಗಳನ್ನು ಎದುರಿಸಿದ ದಾಖಲೆ ಈ ಮನುಷ್ಯನದು. 1996ರಿಂದ 2012ರವರೆಗೆ ಬೌಲರ್‌ಗಳು ಕೆಣಕಿದರೂ ಮುಖದ ಗೆರೆ ಅಲುಗಿಸದೆ ನಿಂತಿದ್ದನ್ನು ನಾವೆಲ್ಲ ನೋಡಿದ್ದೆವು. ಆ ಹದಿನಾರು ವರ್ಷಗಳ ತಾಳ್ಮೆಯೇ ಜಾಹೀರಾತಿನ ಬಂಡವಾಳ. ಇಷ್ಟು ಚೆನ್ನಾಗಿ ಒಬ್ಬ ಆಟಗಾರನನ್ನು ಓದಿಕೊಂಡ ಇನ್ನೊಂದು ಜಾಹೀರಾತನ್ನು ನಾನು ಕಂಡಿಲ್ಲ.

ಹೊರದೇಶದ್ದರಲ್ಲಿ ಅದರ ಸಮಕ್ಕೆ ನಿಲ್ಲುವುದು 1998ರ ನೈಕಿಯದು. ವಿಮಾನನಿಲ್ದಾಣದಲ್ಲಿ ಕಾದು ಬೇಸತ್ತ ಬ್ರೆಜಿಲ್ ಆಟಗಾರರು ಅಲ್ಲೇ ಚೆಂಡಾಟಕ್ಕಿಳಿಯುತ್ತಾರೆ. ಕೊನೆಯಲ್ಲಿ ರೊನಾಲ್ಡೊ ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಹೋಗುತ್ತದೆ. ಕೋಟಿಗಟ್ಟಲೆ ಖರ್ಚು ಮಾಡಿ ಕರೆಸಿದ ತಾರೆಯನ್ನು ಗೋಲು ತಪ್ಪುವಂತೆ ಬಿಡಲು ಧೈರ್ಯ ಬೇಕು.

ನನ್ನದೊಂದು ಕೊರಗಿದೆ. ನಾನು ನೋಡಿದ ಆ ಜಾಹೀರಾತಿನಲ್ಲಿ ಇಂದಿರಾನಗರದ ದ್ರಾವಿಡ್ ಸಿಟ್ಟಾದದ್ದು ಹಿಂದಿಯಲ್ಲಿ. ಕನ್ನಡ ವಾಹಿನಿಗಳಲ್ಲಿ ಬರುವ ಎಷ್ಟೋ ಕ್ರೀಡಾ ಜಾಹೀರಾತುಗಳು ಹಿಂದಿಯ ಡಬ್ಬಿಂಗ್‌ಗಳೇ. ತುಟಿ ಒಂದು ಹೇಳುತ್ತದೆ, ದನಿ ಇನ್ನೊಂದು. ಬೆಂಗಳೂರಿನಲ್ಲೇ ಕುಳಿತಿರುವ ಕಂಪನಿಗಳೇ, ಮುಂದಿನದನ್ನು ಮೊದಲ ಸಾಲಿನಿಂದಲೇ ಕನ್ನಡದಲ್ಲಿ ಬರೆಸಿ.