ಮಹಾಮೌನವನ್ನು ಮೆಚ್ಚಿದವರಿಗೆ



ಫಿಲಿಪ್ ಗ್ರೋನಿಂಗ್ ಅವರ 'ಇಂಟು ಗ್ರೇಟ್ ಸೈಲೆನ್ಸ್' (2005) ಸಾಕ್ಷ್ಯಚಿತ್ರವನ್ನು ನೋಡಿದವರು 'ಇಂಥದ್ದು ಇನ್ನೇನಿದೆ?' ಎಂದು ಕೇಳುವುದು ಸಹಜ. ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವಿನ ಗ್ರಾಂದ್ ಶಾರ್ತ್ರೂಸ್, ಸಂತ ಬ್ರೂನೋ 1084ರಲ್ಲಿ ಆರಂಭಿಸಿದ ಕಾರ್ತೂಸಿಯನ್ ಸಭೆಯ ತಾಯಿಮಠ. 1984ರಲ್ಲಿ ಅನುಮತಿ ಬೇಡಿದ ನಿರ್ದೇಶಕರಿಗೆ ಒಪ್ಪಿಗೆ ದೊರೆತದ್ದು ಹದಿನಾರು ವರ್ಷಗಳ ಬಳಿಕ. ಷರತ್ತುಗಳೂ ಇದ್ದವು: ಕೃತಕ ಬೆಳಕಿಲ್ಲ, ಹಿನ್ನೆಲೆ ಸಂಗೀತವಿಲ್ಲ, ನಿರೂಪಣೆಯಿಲ್ಲ. ಸುಮಾರು ಎರಡೂಮುಕ್ಕಾಲು ಗಂಟೆಯ ಈ ಚಿತ್ರದಲ್ಲಿ ನಾವು ಕೇಳುವುದು ಘಂಟೆಯ ನಾದ, ಪಾದರಕ್ಷೆಗಳ ಸದ್ದು, ಇರುಳಿನ ಕೀರ್ತನೆ, ಬಟ್ಟೆ ಕತ್ತರಿಸುವ ಕತ್ತರಿ. ಹಿಮದ ಇಳಿಜಾರಿನಲ್ಲಿ ಮಕ್ಕಳಂತೆ ಜಾರಿ ನಗುವ ಸನ್ಯಾಸಿಗಳನ್ನು ಕಂಡಾಗ, ಮೌನವೆಂದರೆ ಮುಖ ಗಂಟಿಕ್ಕಿಕೊಳ್ಳುವುದು ಎಂದು ತಿಳಿದವರಿಗೆ ತುಸು ಆಶ್ಚರ್ಯವಾಗಬಹುದು.

ಆದರೂ ಒಂದು ಅಪಾಯವಿದೆ. ಆ ಹಿಮ, ಆ ದೀಪದ ಬೆಳಕು ಎಷ್ಟು ಸುಂದರವೆಂದರೆ, ಗದ್ದಲದಿಂದ ಬೇಸತ್ತ ನಾವು ಅದನ್ನು ವಿಶ್ರಾಂತಿಧಾಮವೆಂದು ಭಾವಿಸಿಬಿಡುತ್ತೇವೆ. ಆ ಕೋಣೆಗಳಲ್ಲಿ ಒಂಟಿತನವೂ ಇದೆ, ಹೋರಾಟವೂ ಇದೆ. ಅವು ಚಿತ್ರದಲ್ಲಿ ಹೆಚ್ಚಾಗಿ ಮಾತಿಗೆ ಬರುವುದಿಲ್ಲ.

ಆ ಕೊರತೆಯನ್ನು ತುಂಬುವುದು ಮೈಕೆಲ್ ವೈಟ್ ಅವರ 'ನೋ ಗ್ರೇಟರ್ ಲವ್' (2009). ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ, ನಗರದ ಗದ್ದಲದ ನಡುವೆಯೇ ಇರುವ ಕಾರ್ಮೆಲ್ ಮಠದ ಕನ್ಯಾಸ್ತ್ರೀಯರ ಕಥೆಯಿದು. ಇಲ್ಲಿಯೂ ಅನುಮತಿಗಾಗಿ ಹಲವು ವರ್ಷಗಳ ಪತ್ರವ್ಯವಹಾರ ನಡೆಯಿತು. ಆದರೆ ಇಲ್ಲಿ ಸೋದರಿಯರು ಮಾತನಾಡುತ್ತಾರೆ. ಪ್ರಾರ್ಥನೆ ಒಣಗಿಹೋದ ದೀರ್ಘ ಕಾಲವನ್ನು, ದೇವರು ಇದ್ದಾರೆಯೇ ಎಂಬ ಸಂಶಯವನ್ನು ಅವರು ಮುಚ್ಚಿಡುವುದಿಲ್ಲ. ಕಲೆಯ ದೃಷ್ಟಿಯಿಂದ ಇದು ಗ್ರೋನಿಂಗ್ ಅವರ ಚಿತ್ರಕ್ಕೆ ಸಮನಲ್ಲ. ಆದರೆ ಜಪಸರ ಹಿಡಿದು ಕುಳಿತರೂ ಮನಸ್ಸು ನಿಲ್ಲದೆಂದು ಕೊರಗುವ ತಾಯಂದಿರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಮದರ್ ತೆರೇಸಾರ ಕುರಿತು ಮಾಲ್ಕಂ ಮಗ್ಗರಿಜ್ ಬಿಬಿಸಿಗಾಗಿ ಮಾಡಿದ 'ಸಮ್ಥಿಂಗ್ ಬ್ಯೂಟಿಫುಲ್ ಫಾರ್ ಗಾಡ್' (1969) ಅನೇಕರಿಗೆ ಗೊತ್ತು. ಕಾಳೀಘಾಟಿನ ಮಬ್ಬುಗತ್ತಲಿನ ಕೋಣೆಯಲ್ಲಿ ತೆಗೆದ ದೃಶ್ಯಗಳು ಸ್ಪಷ್ಟವಾಗಿ ಮೂಡಿಬಂದದ್ದನ್ನು ಅವರು ದೈವಿಕ ಬೆಳಕೆಂದರು. ಅದು ಕೊಡಾಕ್ ಕಂಪನಿಯ ಹೊಸ ಫಿಲ್ಮಿನ ಗುಣವೆಂದು ಛಾಯಾಗ್ರಾಹಕರು ಹೇಳಿದರು. ಛಾಯಾಗ್ರಾಹಕರ ಮಾತನ್ನು ಒಪ್ಪಿದರೆ ನಮ್ಮ ವಿಶ್ವಾಸಕ್ಕೇನೂ ಕುಂದಿಲ್ಲ. ಸಾಯುತ್ತಿರುವವನ ಮೈ ತೊಳೆಯುವ ಕೈಗಳು ಹೇಗೂ ಅಲ್ಲಿದ್ದವು.

ಮೂರನೆಯದು ಮಠದ ಚಿತ್ರವೇ ಅಲ್ಲ. ಜಾನ್‌ಫ್ರಾಂಕೊ ರೋಸಿ ಅವರ 'ಫೈರ್ ಅಟ್ ಸೀ' 2016ರಲ್ಲಿ ಬರ್ಲಿನ್ ಉತ್ಸವದ ಸ್ವರ್ಣಕರಡಿ ಪ್ರಶಸ್ತಿ ಪಡೆಯಿತು. ಸ್ಥಳ ಇಟಲಿಯ ಲ್ಯಾಂಪೆಡೂಸಾ ದ್ವೀಪ. ಜಗದ್ಗುರು ಫ್ರಾನ್ಸಿಸರು 2013ರ ಜುಲೈನಲ್ಲಿ ಅಲ್ಲಿಗೆ ಹೋಗಿ, ಸಮುದ್ರದಲ್ಲಿ ಮಡಿದ ವಲಸಿಗರಿಗಾಗಿ ಬಲಿಪೂಜೆ ಅರ್ಪಿಸಿದ್ದರು. ಇಲ್ಲಿಯೂ ನಿರೂಪಕನಿಲ್ಲ. ಕವಣೆ ಹಿಡಿದು ಅಲೆಯುವ ಸಾಮುವೆಲೆ ಎಂಬ ಬಾಲಕನ ಒಂದು ಕಣ್ಣು ಮಂದ. ಅದಕ್ಕೆ ಕೆಲಸ ಕಲಿಸಲೆಂದು ವೈದ್ಯರು ಒಳ್ಳೆಯ ಕಣ್ಣನ್ನು ಮುಚ್ಚಿಸುತ್ತಾರೆ. ಅದೇ ದ್ವೀಪದ ದಡಕ್ಕೆ ದೋಣಿಗಳು ಬರುತ್ತಿವೆ, ಹೆಣಗಳೂ ಬರುತ್ತಿವೆ. ಆದರೆ ಬಾಲಕನ ದಿನಗಳು ಅವರನ್ನು ಹಾಯುವುದೇ ಇಲ್ಲ. ವೈದ್ಯ ಪಿಯೆತ್ರೊ ಬಾರ್ತೊಲೊ ಮಾತ್ರ ಎರಡೂ ಲೋಕಗಳಲ್ಲಿ ಓಡಾಡುತ್ತಾರೆ. ಇದೆಲ್ಲ ರೂಢಿಯಾಗುತ್ತದೆ ಎನ್ನುವವರ ಮಾತನ್ನು ಅವರು ಒಪ್ಪುವುದಿಲ್ಲ. ನೈಜೀರಿಯಾದ ವಲಸಿಗನೊಬ್ಬ ಮರುಭೂಮಿ, ಸೆರೆಮನೆ, ಕಡಲು ದಾಟಿದ ಕಥೆಯನ್ನು ಹಾಡಾಗಿ ಹೇಳುವಾಗ, ಇದು ಕೀರ್ತನೆಯಲ್ಲದೆ ಮತ್ತೇನು ಎನ್ನಿಸುತ್ತದೆ. ಶಾರ್ತ್ರೂಸಿನ ಮೌನ ಮನಸ್ಸನ್ನು ನಿಜವಾಗಿ ತೆರೆದಿದ್ದರೆ ಈ ಹಾಡು ಕೇಳಿಸಬೇಕು. ಕೇಳಿಸದಿದ್ದರೆ, ನಾವು ಮೆಚ್ಚಿದ್ದು ಹಿಮದ ಸೊಬಗನ್ನಷ್ಟೇ.

ಚಿತ್ರದ ಕೊನೆಯ ಭಾಗದಲ್ಲಿ ದೋಣಿಯ ತಳದಲ್ಲಿ ಬಿದ್ದ ಶವಗಳ ದೃಶ್ಯವಿದೆ. ಚಿಕ್ಕ ಮಕ್ಕಳಿಗೆ ಅದು ಬೇಡ. ಗ್ರೋನಿಂಗ್ ಅವರ ಚಿತ್ರವನ್ನು ಇನ್ನೂ ನೋಡದವರು ತಪಸ್ಸುಕಾಲದ ಎರಡು ಸಂಜೆಗಳಲ್ಲಿ ಭಾಗ ಮಾಡಿಕೊಂಡು, ದೂರವಾಣಿಯನ್ನು ಬೇರೆ ಕೋಣೆಯಲ್ಲಿಟ್ಟು ನೋಡಲಿ. ಮೊದಲ ಅರ್ಧಗಂಟೆ ಕಷ್ಟ.