ಚುಕ್ಕೆಯ ಅಳತೆ

2019ರಲ್ಲಿ ನಮ್ಮ ಆಪಾರ ಮಗಳ ನಿಕಾಹ್‌ಗೆ 400 ಕಾರ್ಡುಗಳು ಅಚ್ಚಾಗಿ ಬಂದವು. ಕೆನೆ ಬಣ್ಣದ ದಪ್ಪ ಕಾಗದ, ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಉರ್ದು. ಅಂಚಿನಿಂದ ಒಳಕ್ಕೆ ಯಾರೋ ಎರಚಿದಂತೆ ಬಂಗಾರದ ಬಣ್ಣದ ಚುಕ್ಕೆಗಳು. ನೋಡಿದವರೆಲ್ಲ ಮೆಚ್ಚಿದರು. ಮಾಮೂ ಮಾತ್ರ ಕನ್ನಡಕ ಸರಿಪಡಿಸಿಕೊಂಡು ಕಾರ್ಡನ್ನು ಬೆಳಕಿಗೆ ಹಿಡಿದು, "ಇದೇನು ಬರೆಸಿದ್ದೀರಿ ಬೇಟಾ?" ಎಂದರು. ಹಿರಿಯರ ಹೆಸರುಗಳ ಮೇಲೆ 'ತಾಲಿಬ್-ಎ-ದುಆ' ಎಂದಿರಬೇಕಿತ್ತು. ಎರಚಿದ ಚುಕ್ಕೆಗಳಲ್ಲಿ ಒಂದು ಸರಿಯಾಗಿ 'ಐನ್' ಅಕ್ಷರದ ನೆತ್ತಿಯ ಮೇಲೆ ಬಂದು ಕುಳಿತು ಅದನ್ನು 'ಗೈನ್' ಮಾಡಿತ್ತು. ದುಆ ಹೋಗಿ ದಗಾ ಆಗಿತ್ತು. ನಿಮ್ಮ ಪ್ರಾರ್ಥನೆಯನ್ನು ಕೋರುವವರು ನಿಮ್ಮ ಮೋಸವನ್ನು ಕೋರುವವರಾಗಿದ್ದರು.

ಮಾಮೂ ಉರ್ದು ಪತ್ರಿಕೆಯೊಂದರಲ್ಲಿ ಕಾತಿಬ್ ಆಗಿದ್ದವರು. 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದು, ನಸ್ತಲೀಖ್ ಲಿಪಿ ಕಂಪ್ಯೂಟರಿನಲ್ಲೇ ಮೂಡತೊಡಗಿದ ಮೇಲೆ ಅವರ ಕಲಮ್‌ಗೆ ಕೆಲಸವಿಲ್ಲದಾಯಿತು. ಆ ದಿನ ಅವರು ಒಂದು ಬ್ಲೇಡು ತರಿಸಿಕೊಂಡು ಮಗ್ರಿಬ್‌ನಿಂದ ಇಶಾವರೆಗೆ, ಊಟವಾದ ಮೇಲೆ ಮತ್ತೆ, 400 ಕಾರ್ಡುಗಳ ಆ ಒಂದೊಂದು ಚುಕ್ಕೆಯನ್ನು ಕೆರೆದು ತೆಗೆದರು. ತಪ್ಪು ನಮ್ಮದೇ. ಮೊಬೈಲಿಗೆ ಬಂದ ಪ್ರೂಫನ್ನು ಬಸ್ಸಿನಲ್ಲಿ ನಿಂತುಕೊಂಡು ನೋಡಿ 'ಓಕೆ' ಎಂದು ಕಳಿಸಿದವರು ನಾವು.

ಅಂದಿನಿಂದ ನಮಗೆ ಚುಕ್ಕೆಗಳನ್ನು ನೋಡುವ ಚಟ ಹತ್ತಿದೆ. ಕಥಾಸಂಕಲನದ ಮುಖಪುಟ, ಕವಿಗೋಷ್ಠಿಯ ಬ್ಯಾನರ್, ಉರುಸಿನ ಪೋಸ್ಟರ್, ಸೀರೆ ಅಂಗಡಿಯ ಚೀಲ, ಎಲ್ಲೆಲ್ಲೂ ಚುಕ್ಕೆ. ಇವುಗಳ ಬಗ್ಗೆ ಯಾರೂ ವಿಮರ್ಶೆ ಬರೆಯುವುದಿಲ್ಲ. ಪುಸ್ತಕ ವಿಮರ್ಶೆಯ ಕಟ್ಟಕಡೆಗೆ 'ಮುಖಪುಟ ಆಕರ್ಷಕವಾಗಿದೆ' ಎಂಬ ಒಂದು ಸಾಲು, ಅಷ್ಟೆ. ನಾವೂ ಆ ಸಾಲನ್ನು ಹಲವು ಸಲ ಬರೆದಿದ್ದೇವೆ.

ಕಾರ್ಡಿನ ಅಂಗಡಿಯ ಹುಡುಗನ ಪಕ್ಕ ಒಂದು ಮಧ್ಯಾಹ್ನ ಕುಳಿತು ಅವನು ಅದನ್ನು ಹೇಗೆ ಮಾಡಿದ ಎಂದು ಕೇಳಿದೆವು. ಅವನು ಸಂಕೋಚದಿಂದಲೇ ತೋರಿಸಿದ. ಫೋಟೋಶಾಪ್‌ನಲ್ಲಿ ದುಂಡು ಬ್ರಶ್ ಒಂದನ್ನು ಆರಿಸಿಕೊಂಡು ಎಳೆದರೆ ಗೆರೆ ಮೂಡುತ್ತದೆ. ನೋಡಲು ಗೆರೆ, ಆದರೆ ಅದು ಗೆರೆಯಲ್ಲ, ಒತ್ತೊತ್ತಾಗಿ ಬಿದ್ದ ಚುಕ್ಕೆಗಳ ಸಾಲು. ಬ್ರಶ್‌ನ ಸ್ಪೇಸಿಂಗ್ ಸಾಮಾನ್ಯವಾಗಿ ಶೇ. 25 ಇರುತ್ತದೆ. ಎಂದರೆ ಚುಕ್ಕೆಯ ಅಗಲದ ಕಾಲು ಭಾಗ ಮುಂದೆ ಹೋದೊಡನೆ ಇನ್ನೊಂದು ಚುಕ್ಕೆ ಬೀಳುತ್ತದೆ. ಅದನ್ನು 100ಕ್ಕೆ ಏರಿಸಿದರೆ ಗೆರೆ ಮಣಿಸರವಾಗುತ್ತದೆ, ಒಂದಕ್ಕೊಂದು ತಾಗಿದ ಮಣಿಗಳು. 200ಕ್ಕೆ ಏರಿಸಿದರೆ ಎರಡು ಚುಕ್ಕೆಗಳ ನಡುವೆ ಸರಿಯಾಗಿ ಒಂದು ಚುಕ್ಕೆಯಷ್ಟು ಜಾಗ ಖಾಲಿ. ಬ್ರಶ್ ದೊಡ್ಡದು ಮಾಡಿದರೆ ಖಾಲಿ ಜಾಗವೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಇಲ್ಲಿ ಅಳತೆಗೋಲು ಇಂಚೂ ಅಲ್ಲ, ಸೆಂಟಿಮೀಟರೂ ಅಲ್ಲ, ಚುಕ್ಕೆಯೇ.

ಇದನ್ನು ಕಂಡಾಗ ನಾವು ಬೆಚ್ಚಿದೆವು ಎಂದರೆ ಉತ್ಪ್ರೇಕ್ಷೆಯಲ್ಲ. ಉರ್ದು ಶಾಲೆಯಲ್ಲಿ ಖುಷ್‌ಖತಿ ಕಲಿಸಿದ ಉಸ್ತಾದರು ಅಕ್ಷರಕ್ಕೂ ಮುಂಚೆ ನಮಗೆ ಹೇಳಿಕೊಟ್ಟದ್ದು ಇದನ್ನೇ. ಬರುವಿನ ಕಲಮ್‌ನ ತುದಿಯನ್ನು ಓರೆಯಾಗಿ ಕತ್ತರಿಸಿ, ಕಾಗದದ ಮೇಲೆ ಊರಿ ಎಳೆದರೆ ವಜ್ರಾಕೃತಿಯ ಚುಕ್ಕೆ ಮೂಡುತ್ತದೆ. ಅದೇ ನುಖ್ತಾ. ಅದರ ಅಗಲ ಕಲಮ್‌ನ ತುದಿಯ ಅಗಲ. ನಸ್ತಲೀಖ್‌ನಲ್ಲಿ ಅಲಿಫ್ ಇಂಥ ಮೂರು ಚುಕ್ಕೆಗಳ ಎತ್ತರ. ಕಲಮ್ ದಪ್ಪವಾದರೆ ಅಲಿಫ್ ಎತ್ತರವಾಗುತ್ತದೆ, ಪ್ರಮಾಣ ಮಾತ್ರ ಬದಲಾಗುವುದಿಲ್ಲ. ಅರಬಿ ಲಿಪಿಗೆ ಈ ಚುಕ್ಕೆಯ ಲೆಕ್ಕವನ್ನು ಕಟ್ಟಿಕೊಟ್ಟವನೆಂದು ಹೆಸರಾದವನು ಬಗ್ದಾದಿನ ವಜೀರನಾಗಿದ್ದ ಇಬ್ನ್ ಮುಖ್ಲಾ. ಕ್ರಿ.ಶ. 940ರಲ್ಲಿ ತೀರಿಕೊಂಡ. ಅರಮನೆಯ ರಾಜಕೀಯದಲ್ಲಿ ಸಿಕ್ಕಿ, ಬರೆಯುತ್ತಿದ್ದ ಬಲಗೈಯನ್ನೇ ಕಳೆದುಕೊಂಡವನು ಅವನು. ಅವನ ಲೆಕ್ಕ ಉಳಿಯಿತು. ಸಾವಿರ ವರ್ಷಗಳ ನಂತರ ಅದೇ ತತ್ವ ಫೋಟೋಶಾಪ್‌ನ ಒಂದು ಪಟ್ಟಿಯಲ್ಲಿ ಶೇಕಡಾವಾರಾಗಿ ಕುಳಿತಿದೆ. ಅದನ್ನು ಅಲ್ಲಿಟ್ಟವರಿಗೆ ಇಬ್ನ್ ಮುಖ್ಲಾ ಗೊತ್ತಿದ್ದನೆಂದು ನಾವು ಹೇಳುತ್ತಿಲ್ಲ. ಕೈಯಲ್ಲಿರುವ ಉಪಕರಣದಿಂದಲೇ ಅಳೆಯಬೇಕೆಂಬ ಬುದ್ಧಿ ಕೆಲಸ ಬಲ್ಲವರಿಗೆಲ್ಲ ಹೊಳೆಯುತ್ತದೆ.

ಆದರೆ ಹುಡುಗ ಅಲ್ಲಿಗೆ ನಿಲ್ಲಲಿಲ್ಲ. ಕೆಳಗೆ ಇನ್ನೆರಡು ಪಟ್ಟಿಗಳಿದ್ದವು. ಒಂದು ಸೈಜ್ ಜಿಟರ್, ಇನ್ನೊಂದು ಸ್ಕ್ಯಾಟರ್. ಮೊದಲನೆಯದನ್ನು ಎಳೆದರೆ ಚುಕ್ಕೆಗಳು ಮನಬಂದಂತೆ ಹಿರಿದು ಕಿರಿದಾಗುತ್ತವೆ. ಎರಡನೆಯದನ್ನು ಎಳೆದರೆ ಸಾಲು ಬಿಟ್ಟು ಚದುರುತ್ತವೆ. ಎಲ್ಲಿ ಬೀಳಬೇಕೆಂಬುದನ್ನು ಕೈಯೂ ಹೇಳುವುದಿಲ್ಲ, ಕಣ್ಣೂ ಹೇಳುವುದಿಲ್ಲ. "ಇದನ್ನು ಹಾಕಿದ್ರೆ ಖಾಲಿ ಕಾಣಲ್ಲ ಸರ್" ಎಂದ ಹುಡುಗ. ಅವನ ಮಾತಿನಲ್ಲೇ ರೋಗದ ಮೂಲವಿದೆ. ನಮ್ಮ ಮುಖಪುಟಗಳಿಗೆ ಖಾಲಿ ಜಾಗವೆಂದರೆ ಭಯ.

ಚುಕ್ಕೆ ಹುಟ್ಟಿದ್ದು ಖಾಲಿ ತುಂಬಲಿಕ್ಕಲ್ಲ. ಅಚ್ಚುಯಂತ್ರಕ್ಕೆ ಗೊತ್ತಿರುವುದು ಎರಡೇ, ಶಾಯಿ ಇದೆ ಅಥವಾ ಇಲ್ಲ. ನಡುವಿನ ಬೂದು ಬಣ್ಣ ಅದಕ್ಕೆ ಗೊತ್ತಿಲ್ಲ. ಹೀಗಾಗಿ ಫೋಟೋವನ್ನು ಚುಕ್ಕೆಗಳಾಗಿ ಒಡೆದು, ಕತ್ತಲಿರುವಲ್ಲಿ ದೊಡ್ಡ ಚುಕ್ಕೆ, ಬೆಳಕಿರುವಲ್ಲಿ ಸಣ್ಣ ಚುಕ್ಕೆ ಇಟ್ಟರು. ಜರ್ಮನಿಯ ಗೇಯೋರ್ಗ್ ಮೈಸೆನ್‌ಬಾಖ್ 1882ರಲ್ಲಿ ಈ ಹಾಫ್‌ಟೋನ್ ವಿಧಾನಕ್ಕೆ ಪೇಟೆಂಟ್ ಪಡೆದ. ನಾಲ್ಕು ಬಣ್ಣದ ಮುದ್ರಣ ಬಂದಾಗ ಒಂದೊಂದು ಬಣ್ಣದ ಚುಕ್ಕೆಸಾಲನ್ನು ಒಂದೊಂದು ಕೋನಕ್ಕೆ ತಿರುಗಿಸಬೇಕಾಯಿತು. ಕಪ್ಪು 45 ಡಿಗ್ರಿ, ನೀಲಿ 15, ಕೆಂಪು 75, ಹಳದಿ ಸೊನ್ನೆ. ಇಲ್ಲವಾದರೆ ಸಾಲುಗಳು ಒಂದರ ಮೇಲೊಂದು ಬಿದ್ದು ರೇಷ್ಮೆ ಬಟ್ಟೆಯ ಮೇಲಿನಂಥ ಅಲೆಗಳು ಕಾಣುತ್ತವೆ. ಫೋಟೋಶಾಪ್‌ನ ಕಲರ್ ಹಾಫ್‌ಟೋನ್ ಫಿಲ್ಟರ್ ತೆರೆದರೆ ನಾಲ್ಕು ಅಂಕಿಗಳು ಮೊದಲೇ ತುಂಬಿರುತ್ತವೆ: 108, 162, 90, 45. ಯಾರೂ ಅವನ್ನು ಮುಟ್ಟುವುದಿಲ್ಲ. 90 ಡಿಗ್ರಿ ತಿರುಗಿದರೆ ಚುಕ್ಕೆಸಾಲು ಮೊದಲಿನಂತೆಯೇ ಕಾಣುವುದರಿಂದ 108 ಎಂದರೆ 18, 162 ಎಂದರೆ 72, 90 ಎಂದರೆ ಸೊನ್ನೆ. ಹೆಚ್ಚುಕಡಿಮೆ ಹಳೆಯ ಪ್ರೆಸ್ಸಿನ ಕೋನಗಳೇ. ಅಲಂಕಾರವೆಂದು ನಾವು ಒತ್ತುವ ಗುಂಡಿಯೊಳಗೆ ಯಾವನೋ ಮುದ್ರಣಗಾರನ ಕಷ್ಟ ಇನ್ನೂ ಅಡಗಿದೆ.

1984ರ ಮ್ಯಾಕ್‌ಪೇಂಟ್ ತಂತ್ರಾಂಶದಲ್ಲೂ ಹಾಗೆಯೇ. ಬಿಲ್ ಅಟ್ಕಿನ್‌ಸನ್ ಅದನ್ನು ಬರೆದಾಗ ಆ ಕಂಪ್ಯೂಟರಿನ ಪರದೆಗೆ ಇದ್ದದ್ದು ಕಪ್ಪು ಬಿಳುಪು ಎರಡೇ. ಆಯ್ದುಕೊಳ್ಳಲು ಕೊಟ್ಟಿದ್ದ ಚುಕ್ಕೆ ವಿನ್ಯಾಸಗಳು ಚಿತ್ರಕ್ಕೆ ನೆರಳಾಗುತ್ತಿದ್ದವು, ಬೂದು ಬಣ್ಣವಾಗುತ್ತಿದ್ದವು.

ಅಮೆರಿಕದ ರಾಯ್ ಲಿಕ್ಟನ್‌ಸ್ಟೈನ್ 1963ರಲ್ಲಿ 'ಡ್ರೌನಿಂಗ್ ಗರ್ಲ್' ಬರೆದಾಗ ಮಾಡಿದ್ದು ಬೇರೆಯೇ. ಹಿಂದಿನ ವರ್ಷದ ಅಗ್ಗದ ಕಾಮಿಕ್ಸ್ ಒಂದರಲ್ಲಿ ಟೋನಿ ಅಬ್ರುಝೋ ಬರೆದಿದ್ದ ಚಿತ್ರವನ್ನು ಎತ್ತಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣದಿದ್ದ ಮುದ್ರಣದ ಚುಕ್ಕೆಗಳನ್ನು ಹಿಗ್ಗಿಸಿ ಕೈಯಿಂದ ಬರೆದ. ಅಳುವ ಹೆಣ್ಣಿನ ಚರ್ಮವೇ ಚುಕ್ಕೆಯಾಯಿತು. ಈ ಕಣ್ಣೀರು ಅಚ್ಚಾಗಿ ಮಾರಾಟಕ್ಕೆ ಬಂದದ್ದು ಎಂದು ಆ ಚುಕ್ಕೆಗಳು ಹೇಳುತ್ತವೆ. ಅಬ್ರುಝೋನ ಹೆಸರು ಚಿತ್ರದ ಮೇಲೆ ಎಲ್ಲೂ ಇಲ್ಲವೆಂಬುದು ನಮಗೆ ಇಂದಿಗೂ ಒಪ್ಪಿಗೆಯಾಗದ ವಿಷಯ. ಆದರೂ ಅಲ್ಲಿನ ಚುಕ್ಕೆಗೆ ಒಂದು ಮಾತಿದೆ. ಫಿಲ್ಟರ್ ಆ ಚುಕ್ಕೆಯನ್ನು ಕೊಡುತ್ತದೆ, ಮಾತನ್ನು ಕೊಡುವುದಿಲ್ಲ.

ನಮ್ಮವರೇ ಆದ ಸೈಯದ್ ಹೈದರ್ ರಜಾ ಇನ್ನೊಂದು ತುದಿ. ಚಂಚಲನಾಗಿದ್ದ ಹುಡುಗನನ್ನು ಶಾಲೆಯ ಮೇಷ್ಟರು ಗೋಡೆಯ ಮೇಲೊಂದು ಚುಕ್ಕೆ ಬರೆದು ಅದನ್ನೇ ನೋಡುತ್ತಾ ಕೂರಲು ಹೇಳಿದ್ದನ್ನು ಅವರು ನೆನೆಸಿಕೊಳ್ಳುತ್ತಿದ್ದರು. 1950ರಲ್ಲಿ ಫ್ರಾನ್ಸಿಗೆ ಹೋದ ಅವರು ದಶಕಗಳ ನಂತರ ಆ 'ಬಿಂದು'ವಿಗೆ ಮರಳಿದರು. ಅವರ ಎಷ್ಟೋ ಕ್ಯಾನ್‌ವಾಸುಗಳಲ್ಲಿ ದೊಡ್ಡ ಕಪ್ಪು ಬಿಂದು ಒಂದೇ, ಉಳಿದದ್ದೆಲ್ಲ ಅದಕ್ಕೆ ಲೆಕ್ಕ ಒಪ್ಪಿಸುತ್ತದೆ. ಮುಸಲ್ಮಾನನಿಗೆ ಬಿಂದು ಯಾಕೆ ಎಂದು ಕೇಳುವವರು ನುಖ್ತಾದ ಮೇಲೆ ನಿಂತ ಲಿಪಿಯನ್ನು ಒಮ್ಮೆ ನೋಡಬಹುದು.

ನಮ್ಮ ಬೀದಿಯ ಅಕ್ಕಂದಿರು ರಂಗೋಲಿಗೆ ಚುಕ್ಕೆ ಇಡುವಾಗ ನೇರ ಚುಕ್ಕೆ, ಸಂದು ಚುಕ್ಕೆ ಎಂದು ಬೇರೆ ಮಾಡುತ್ತಾರೆ. ನೇರ ಚುಕ್ಕೆ ಒಂದರ ಕೆಳಗೊಂದು. ಸಂದು ಚುಕ್ಕೆ ಮೇಲಿನ ಎರಡರ ನಡುವಿನ ಸಂದಿಗೆ. ಕಂಪ್ಯೂಟರಿನಲ್ಲಿ ನೇರ ಚುಕ್ಕೆ ಸಲೀಸು: 100 ಪಿಕ್ಸೆಲ್‌ನ ಚೌಕದ ನಡುವೆ ಒಂದು ವೃತ್ತ ಬರೆದು ಪ್ಯಾಟರ್ನ್ ಆಗಿ ಉಳಿಸಿದರೆ ಆಯಿತು. ಸಂದು ಚುಕ್ಕೆಗೆ ವೃತ್ತದ ಪದರವನ್ನು ನಕಲು ಮಾಡಿ, ಆಫ್‌ಸೆಟ್ ಫಿಲ್ಟರಿನಿಂದ ಅಡ್ಡಕ್ಕೆ 50, ಉದ್ದಕ್ಕೆ 50 ಸರಿಸಬೇಕು. ಆಗ ವೃತ್ತ ನಾಲ್ಕು ತುಂಡಾಗಿ ನಾಲ್ಕು ಮೂಲೆಗೆ ಹೋಗುತ್ತದೆ. ಚೌಕಗಳು ಒಂದರ ಪಕ್ಕ ಒಂದು ಕೂತಾಗ ಆ ತುಂಡುಗಳು ಕೂಡಿ ಮತ್ತೆ ದುಂಡಗಾಗುತ್ತವೆ. ಇದನ್ನು ಹುಡುಗನಿಗೆ ತೋರಿಸಿದಾಗ ಅವನು, "ನಮ್ಮಮ್ಮ ಇದನ್ನೇ ಬೆಳಿಗ್ಗೆ ಎರಡು ನಿಮಿಷದಲ್ಲಿ ಮಾಡ್ತಾರೆ ಸರ್" ಎಂದು ನಕ್ಕ.

ನಗದೆ ಹೇಳಬೇಕಾದದ್ದು ಇನ್ನೊಂದಿದೆ. 2021ರಲ್ಲಿ ನಮ್ಮ ಕಥಾಸಂಕಲನವೊಂದು ಬಂತು. ಶೀರ್ಷಿಕೆ ಕಥೆ ಬೀಡಿ ಕಟ್ಟುವ ಹೆಂಗಸಿನದು. ಮುಖಪುಟಕ್ಕೆಂದು ನಾವು ಕೊಟ್ಟ ಫೋಟೋದಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಪ್ರಕಾಶಕರ ಕಲಾವಿದರು ಅದಕ್ಕೆ ದಪ್ಪ ಹಾಫ್‌ಟೋನ್ ಹಾಕಿದರು. ಪುಸ್ತಕ ಕೈಗೆ ಬಂದಾಗ ನೋಡುತ್ತೇವೆ, ಬೆರಳುಗಳಿಲ್ಲ, ಮೊರವಿಲ್ಲ, ಎಲೆಯಿಲ್ಲ, ಕಣ್ಣೂ ಇಲ್ಲ. ಉಳಿದದ್ದು ಸೆರಗಿನ ಅಂಚೊಂದೇ, ಯಾಕೆಂದರೆ ಆ ಗಾತ್ರದ ಚುಕ್ಕೆಗೆ ಹಿಡಿದಿಡಲು ಸಾಧ್ಯವಾದದ್ದು ಅಷ್ಟು ದೊಡ್ಡ ಆಕಾರವನ್ನು ಮಾತ್ರ. ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು 'ಮುಸ್ಲಿಂ ಹೆಂಗಸು' ಎಂಬ ನೆರಳಾಗಿದ್ದರು. ಪುಸ್ತಕವನ್ನು ಮೆಚ್ಚಿ ಬರೆದವರೂ ಮುಖಪುಟ ಆಕರ್ಷಕವಾಗಿದೆ ಎಂದೇ ಬರೆದರು. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇರಲಿಲ್ಲ. ಫಿಲ್ಟರಿನಲ್ಲಿ ಮ್ಯಾಕ್ಸ್ ರೇಡಿಯಸ್ ಎಂಬ ಒಂದು ಅಂಕಿಯಿದೆ. ಅದು 4ರಿಂದ 127ರವರೆಗೆ ಹೋಗುತ್ತದೆ. ಅವರು ಪೋಸ್ಟರಿನಂತೆ ಕಾಣಲೆಂದು ಅದನ್ನು ಏರಿಸಿದ್ದರು.

2024ರಲ್ಲಿ ಎರಡನೆಯ ಮುದ್ರಣದ ಮಾತು ಬಂದಾಗ ಅದೇ ಫೋಟೋ ಹಿಡಿದುಕೊಂಡು ಕಾರ್ಡಿನ ಅಂಗಡಿಯ ಹುಡುಗನ ಬಳಿ ಹೋದೆವು. ಮಾಮೂ ಕೂಡ ಜೊತೆಗೆ ಬಂದರು. ಹುಡುಗ ಮೊದಲು 24 ಹಾಕಿದ. ಅದೇ ನೆರಳು. 16. ಮೊರದ ಅಂಚು ಕಂಡಿತು. 10. ಮುಖವಿದೆ ಎಂದು ಗೊತ್ತಾಯಿತು. ಮಾಮೂ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಂದರು. 8ರಲ್ಲಿ ಹೆಬ್ಬೆರಳು. 6ಕ್ಕೆ ಇಳಿಸಿದಾಗ ಬೆರಳುಗಳ ನಡುವೆ ಅರ್ಧ ಸುತ್ತಿದ ಬೀಡಿ ಕಾಣಿಸಿತು.

"ಬಸ್, ಇಲ್ಲಿಗೆ ನಿಲ್ಲಿಸು ಬೇಟಾ" ಎಂದರು ಮಾಮೂ.